ಬೀಡಿನ ಬುಲೆಟ್: ದೂರದ ದಾರಿಗೆ ಹೊರಡುವ ಮುನ್ನ

ಶೆಡ್ಡಿನಲ್ಲಿ ಧೂಳು ಹಿಡಿದು ನಿಂತ ಅಪ್ಪನದೋ ಚಿಕ್ಕಪ್ಪನದೋ ಹಳೆಯ ಬುಲೆಟ್ಟನ್ನು ರಿಪೇರಿ ಮಾಡಿಸಿ ಒಂದು ದೊಡ್ಡ ಸುತ್ತು ಹೋಗಿಬರಬೇಕು ಎನ್ನುವವರು ಈಗ ಬಹಳ ಮಂದಿ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಇಂಥ ಗಾಡಿಗಳು ಇನ್ನೂ ಇವೆ. ಬೆಂಗಳೂರು, ಮೈಸೂರಿನಲ್ಲಿ ಹುಡುಕಿ ಕೊಳ್ಳುವವರೂ ಇದ್ದಾರೆ. ಹೊಸ ಬಣ್ಣ ಹೊಡೆಸಿ, ಕ್ರೋಮ್ ಹೊಳೆಯುವಂತೆ ಮಾಡಿಸಿ, ಬ್ಯಾಗು ಕಟ್ಟಿ ಹೊರಟವರು ನೂರೈವತ್ತು ಕಿಲೋಮೀಟರಿಗೇ ಗಾಡಿ ಹೇರಿಕೊಂಡು ಬರಲು ಟೆಂಪೊ ಹುಡುಕುವುದುಂಟು. ಅದೇ ವಯಸ್ಸಿನ, ಅದೇ ಮಾದರಿಯ ಗಾಡಿ ಇನ್ನೊಬ್ಬರ ಕೈಯಲ್ಲಿ ವರ್ಷವರ್ಷವೂ ದೂರದೂರಿಗೆ ಹೋಗಿ ತಕರಾರಿಲ್ಲದೆ ಮರಳುತ್ತದೆ. ಇದು ಅದೃಷ್ಟದ ಮಾತಲ್ಲ. ಈ ಗಾಡಿಯ ಒಂದೊಂದು ಭಾಗ ಯಾಕೆ ಹಾಗಿದೆ ಎಂದು ಗೊತ್ತಿದ್ದವರು ಅದನ್ನು ಅದರ ವೇಗದಲ್ಲೇ ಓಡಿಸುತ್ತಾರೆ. ಅದು ಕೇಳುವ ಚಿಕ್ಕಪುಟ್ಟ ಚಾಕರಿಯನ್ನು ಹೊತ್ತಿಗೆ ಸರಿಯಾಗಿ ಮಾಡುತ್ತಾರೆ. ಹಾಗಾಗಿ ಈ ಬರಹದಲ್ಲಿ ವಿನ್ಯಾಸದ ಮಾತು ಮತ್ತು ತಯಾರಿಯ ಮಾತು ಒಟ್ಟಿಗೇ ಸಾಗುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಪ್ರಯೋಜನವಿಲ್ಲ.

ಮೊದಲಿಗೆ, ಯಾವ ಬುಲೆಟ್ ಎಂಬುದು ಸ್ಪಷ್ಟವಾಗಲಿ. 2010ರ ಹೊತ್ತಿಗೆ ನಿಂತುಹೋದ, ಮೆಕ್ಯಾನಿಕ್‌ಗಳು ‘ಕಾಸ್ಟ್ ಐರನ್’ ಎಂದೇ ಕರೆಯುವ ಎಂಜಿನ್ನಿನ 350 ಸಿಸಿ ಗಾಡಿಯ ಬಗ್ಗೆ ನಾನು ಹೇಳುತ್ತಿರುವುದು. ಗುರುತಿಸುವುದು ಕಷ್ಟವಲ್ಲ. ಎಂಜಿನ್ ಒಂದು ಪೆಟ್ಟಿಗೆ, ಅದರ ಬೆನ್ನಿಗೆ ಬೋಲ್ಟು ಹಾಕಿ ಕೂರಿಸಿದ ಗೇರ್‌ಬಾಕ್ಸು ಇನ್ನೊಂದು ಪೆಟ್ಟಿಗೆ. ನಂತರ ಬಂದ ಯುಸಿಇ ಎಂಜಿನ್ನಿನಲ್ಲಿ ಇವೆರಡೂ ಒಂದೇ ಮೈಯಾಗಿವೆ, ಟ್ಯಾಪೆಟ್ ಕೂಡ ತಾನೇ ಹೊಂದಿಕೊಳ್ಳುವ ಹೈಡ್ರಾಲಿಕ್ ಬಗೆಯದು. ನಡುವೆ ಥಂಡರ್‌ಬರ್ಡ್ ಮುಂತಾದ ಗಾಡಿಗಳಿಗೆ ಹಾಕಿದ ಎವಿಎಲ್ ಎಂಜಿನ್ನೂ ಬೇರೆ ಜಾತಿ. ಈಗ ಶೋರೂಮಿನಲ್ಲಿ ಸಿಗುವ ಬುಲೆಟ್ಟಿನಲ್ಲಿರುವುದು ಕಂಪನ ತಗ್ಗಿಸುವ ಬ್ಯಾಲೆನ್ಸರ್ ಇರುವ 349 ಸಿಸಿಯ ಹೊಸ ಎಂಜಿನ್. ಹಳೆಯದರ ರೂಪ ಉಳಿಸಿಕೊಂಡಿದ್ದರೂ ಅದರ ನಡೆನುಡಿಯೇ ಬೇರೆ. ಈ ಲೇಖನದ ಸಲಹೆಗಳನ್ನು ಅವುಗಳಿಗೆ ಹಚ್ಚಬೇಡಿ.

ಇನ್ನೊಂದು ವಿಷಯ. ಹಳೆಯ ಎಂಜಿನ್ನಿನಲ್ಲಿ ಬೀಡು ಕಬ್ಬಿಣದ್ದು ಸಿಲಿಂಡರ್ ಬ್ಯಾರಲ್ ಮಾತ್ರ. ಮೇಲಿನ ಹೆಡ್ಡೂ ಒಳಗಿನ ಪಿಸ್ಟನ್ನೂ ಅಲ್ಯೂಮಿನಿಯಂನವು. ಇದು ಸಣ್ಣ ವಿವರದಂತೆ ಕಂಡರೂ ದಾರಿಯಲ್ಲಿ ಎಂಜಿನ್ ಹಿಡಿದುಕೊಳ್ಳುವುದಕ್ಕೂ ಹಿಡಿದುಕೊಳ್ಳದೆ ಓಡುವುದಕ್ಕೂ ಇಲ್ಲೇ ಕಾರಣವಿದೆ. ಮುಂದೆ ಹೇಳುತ್ತೇನೆ.

ಯಾವ ದಾರಿಗೆಂದು ಹುಟ್ಟಿದ ಗಾಡಿ

ಇಂಗ್ಲೆಂಡಿನ ರೆಡ್ಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಂಪನಿ ಬುಲೆಟ್ ಹೆಸರನ್ನು 1930ರ ದಶಕದಲ್ಲೇ ಬಳಸಿತ್ತು. ಆದರೆ ನಾವು ಬಲ್ಲ ಬುಲೆಟ್ಟಿನ ಮೂಲ ಎರಡನೇ ಮಹಾಯುದ್ಧದ ನಂತರದ್ದು. ಬ್ರಿಟನ್ನಿನ ಬಹುತೇಕ ಮೋಟಾರ್‌ಸೈಕಲ್‌ಗಳ ಹಿಂಚಕ್ರಕ್ಕೆ ಇನ್ನೂ ಸಸ್ಪೆನ್ಷನ್ನೇ ಇಲ್ಲದಿದ್ದ ಕಾಲದಲ್ಲಿ ಈ ಕಂಪನಿ ಹಿಂದಕ್ಕೆ ಸ್ವಿಂಗ್ ಆರ್ಮ್ ಮತ್ತು ಎರಡು ಶಾಕ್ ಅಬ್ಸಾರ್ಬರ್ ಹಾಕಿತು. ರಸ್ತೆಯೇ ಇಲ್ಲದ ಕಡೆ ನಡೆಯುವ ಸ್ಪರ್ಧೆಗೆ ಹಿಂಚಕ್ರ ಬಿಗಿಯಾಗಿಯೇ ಇರಬೇಕು ಎಂದು ಬಲ್ಲವರೇ ವಾದಿಸುತ್ತಿದ್ದರು. 1948ರಲ್ಲಿ ಇಟಲಿಯ ಸ್ಯಾನ್ ರೆಮೊದಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಸ್ಪರ್ಧೆಯಲ್ಲಿ ಗೆದ್ದ ಬ್ರಿಟಿಷ್ ತಂಡದಲ್ಲಿ ಎರಡು ಬುಲೆಟ್‌ಗಳಿದ್ದವು. ಮರುವರ್ಷ ಅದೇ ವಿನ್ಯಾಸ ಮಾರಾಟಕ್ಕೆ ಬಂತು.

1950ರ ದಶಕದ ಆರಂಭದಲ್ಲಿ ಭಾರತೀಯ ಸೇನೆ ಗಡಿ ಕಾವಲಿಗೆ ಈ ಗಾಡಿಯನ್ನು ಆರಿಸಿಕೊಂಡಿತು. 1955ರಲ್ಲಿ ರಾಯಲ್ ಎನ್‌ಫೀಲ್ಡ್ ಮದ್ರಾಸ್ ಮೋಟಾರ್ಸ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾವನ್ನು ಹುಟ್ಟುಹಾಕಿತು, ತಿರುವೊತ್ತಿಯೂರಿನಲ್ಲಿ ಕಾರ್ಖಾನೆ ಎದ್ದಿತು. ಮೂಲ ಕಂಪನಿ 1970ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬಾಗಿಲು ಹಾಕಿದ ಮೇಲೂ ಇಲ್ಲಿ ಅದೇ ಎಂಜಿನ್ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಇನ್ನೂ ನಾಲ್ಕು ದಶಕ ತಯಾರಾಯಿತು. ಪ್ರಯಾಣಿಕನಿಗೆ ಈ ಚರಿತ್ರೆಯಿಂದ ನೇರ ಲಾಭವೊಂದಿದೆ: ಇಷ್ಟು ದೀರ್ಘಕಾಲ ಒಂದೇ ವಿನ್ಯಾಸ ಉಳಿದಿದ್ದರಿಂದ ಬಿಡಿಭಾಗಗಳೂ ಕೈಪಳಗಿದ ಮೇಸ್ತ್ರಿಗಳೂ ತಾಲ್ಲೂಕು ಕೇಂದ್ರಗಳಲ್ಲಿ ಕೂಡ ಸಿಗುತ್ತಾರೆ.

ಉದ್ದ ಸ್ಟ್ರೋಕು, ಭಾರದ ಫ್ಲೈವೀಲು

ಎಂಜಿನ್ನಿನ ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90 ಮಿಲಿಮೀಟರ್. ಎಂದರೆ ಪಿಸ್ಟನ್ನಿನ ಅಗಲಕ್ಕಿಂತ ಅದು ಮೇಲೆ ಕೆಳಗೆ ಓಡಾಡುವ ದೂರ ಹೆಚ್ಚು. ಒಟ್ಟು 346 ಸಿಸಿ, ಶಕ್ತಿ 18 ಅಶ್ವಶಕ್ತಿ. ಇಂದು 150 ಸಿಸಿಯ ಗಾಡಿಯೂ ಇಷ್ಟು ಕೊಡಬಲ್ಲದು. ಆದರೆ ಉದ್ದ ಸ್ಟ್ರೋಕಿನ ಎಂಜಿನ್ ತನ್ನ ಬಲವನ್ನು ಕಡಿಮೆ ಸುತ್ತಿನಲ್ಲೇ ಕೊಡುತ್ತದೆ. ಒಳಗಿನ ಫ್ಲೈವೀಲು ಭಾರದ್ದು. ಒಮ್ಮೆ ತಿರುಗಲು ಶುರುವಾದರೆ ಏರು ಬಂದರೂ ವೇಗ ಬೇಗನೆ ಬಿಟ್ಟುಕೊಡುವುದಿಲ್ಲ. ಕಂಪ್ರೆಷನ್ ಅನುಪಾತವನ್ನು ತಗ್ಗಿನಲ್ಲಿಟ್ಟದ್ದು ಆ ಕಾಲದ ಕಳಪೆ ಪೆಟ್ರೋಲನ್ನು ಗಮನದಲ್ಲಿಟ್ಟುಕೊಂಡು. ಮೇಲಿನ ಗೇರಿನಲ್ಲೇ ನಿಧಾನವಾಗಿ, ಪದೇ ಪದೇ ಗೇರು ಬದಲಿಸದೆ, ಲಗೇಜು ಹೊತ್ತು ಇಡೀ ದಿನ ಸಾಗುವುದಕ್ಕೆ ಬೇಕಾದ ಗುಣಗಳು ಇವು.

ಈ ಗುಣಗಳಿಗೆ ಬೆಲೆಯೂ ಇದೆ. 90 ಮಿಲಿಮೀಟರ್ ದೂರವನ್ನು ಪಿಸ್ಟನ್ ಪ್ರತಿ ಸುತ್ತಿಗೆ ಎರಡು ಸಲ ಕ್ರಮಿಸಬೇಕು. ವೇಗ ಏರಿಸಿದಷ್ಟೂ ಅದರ ಓಟ, ಶಾಖ, ಕಂಪನ ಎಲ್ಲವೂ ಜಿಗಿಯುತ್ತವೆ. ಅಲ್ಯೂಮಿನಿಯಂ ಪಿಸ್ಟನ್ನು ಶಾಖಕ್ಕೆ ಬೇಗ ಹಿಗ್ಗುತ್ತದೆ, ಬೀಡಿನ ಬ್ಯಾರಲ್ ಅಷ್ಟು ಹಿಗ್ಗುವುದಿಲ್ಲ. ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಹೆದ್ದಾರಿಯಲ್ಲಿ ಆಕ್ಸಲರೇಟರ್ ತಿರುವಿದರೆ, ಅಥವಾ ಬಿಸಿಲಿನಲ್ಲಿ ಗಂಟೆಗಟ್ಟಲೆ 90ರಲ್ಲಿ ಹಿಡಿದರೆ, ಎರಡರ ನಡುವಿನ ಜಾಗ ಮುಚ್ಚಿಹೋಗಿ ಎಂಜಿನ್ ಸೀಜ್ ಆಗುತ್ತದೆ. ಆದ್ದರಿಂದ ಬೆಳಿಗ್ಗೆ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಿ, ಮೊದಲ ಐದಾರು ಕಿಲೋಮೀಟರ್ ನಿಧಾನ ಹೋಗಿ. ಹೊಸದಾಗಿ ರಿಬೋರ್ ಮಾಡಿಸಿದ್ದರೆ ಮೊದಲ 500 ಕಿಲೋಮೀಟರ್ 40-50 ದಾಟಿಸಬೇಡಿ. ರಿಬೋರ್ ಮಾಡಿಸಿದ ವಾರದಲ್ಲೇ ದೂರ ಹೊರಡುವುದಂತೂ ಬೇಡವೇ ಬೇಡ. ಆಮೇಲೂ ಈ ಗಾಡಿಯ ಸುಖದ ವೇಗ ಗಂಟೆಗೆ 60ರಿಂದ 70. ಅದು ಅದರ ದೌರ್ಬಲ್ಯ ಎಂದು ನನಗೆ ಯಾವತ್ತೂ ಅನಿಸಿಲ್ಲ. ಆ ವೇಗದಲ್ಲಿ ಎಂಜಿನ್ ಹದವಾಗಿ ಉಸಿರಾಡುತ್ತದೆ, ಲೀಟರಿಗೆ 30-35 ಕಿಲೋಮೀಟರ್ ಕೊಡುತ್ತದೆ, 14.5 ಲೀಟರ್ ಟ್ಯಾಂಕು ತುಂಬಿಸಿದರೆ ನಾನ್ನೂರು ಕಿಲೋಮೀಟರಿನ ಆಸುಪಾಸು ಬಂಕಿನ ಚಿಂತೆ ಇಲ್ಲ.

ಕಿಕ್ಕರ್ ಮತ್ತು ಆಮ್ಮೀಟರ್

ಹಳೆಯ ಬುಲೆಟ್ಟಿನ ಹೆಡ್‌ಲೈಟಿನ ಮೇಲೆ, ಸ್ಪೀಡೋಮೀಟರಿನ ಪಕ್ಕ, ಒಂದು ಪುಟ್ಟ ಗಡಿಯಾರದಂಥದ್ದು ಇರುತ್ತದೆ. ಮುಳ್ಳು ನಡುವೆ ಸೊನ್ನೆಯಲ್ಲಿ ನಿಂತಿರುತ್ತದೆ. ಇದು ಆಮ್ಮೀಟರ್. ಅದನ್ನು ಅಲಂಕಾರವೆಂದುಕೊಂಡವರೇ ಹೆಚ್ಚು. ಕಿಕ್ ಹೊಡೆದು ಹೊಡೆದು ಬೆವರು ಸುರಿಸುವವರೂ ಅವರೇ.

ಕ್ರಮ ಹೀಗೆ. ಗಾಡಿಯನ್ನು ಮೇನ್ ಸ್ಟ್ಯಾಂಡಿಗೆ ಹಾಕಿ, ಪೆಟ್ರೋಲ್ ತೆರೆದು, ಕೀ ಆನ್ ಮಾಡಿ. ಕಿಕ್ಕರನ್ನು ಪಾದದಿಂದ ನಿಧಾನವಾಗಿ, ಹೊಡೆಯದೆ, ಒತ್ತುತ್ತಾ ಆಮ್ಮೀಟರ್ ನೋಡಿ. ಕಿಡಿ ಹುಟ್ಟಿಸುವ ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಮುಳ್ಳು ಎಡಕ್ಕೆ ವಾಲಿರುತ್ತದೆ. ಒತ್ತುತ್ತಾ ಹೋದಂತೆ ಕಾಲಿಗೆ ಗಟ್ಟಿಯಾಗಿ ಎದುರು ಸಿಗುತ್ತದೆ, ಅದೇ ಹೊತ್ತಿಗೆ ಮುಳ್ಳು ಥಟ್ಟನೆ ನಡುವಿಗೆ ಬರುತ್ತದೆ. ಪಿಸ್ಟನ್ ಕಂಪ್ರೆಷನ್ನಿನ ತುದಿಗೆ ಬಂದಿದೆ, ಪಾಯಿಂಟ್ ತೆರೆದಿದೆ ಎಂದು ಅರ್ಥ. ಈಗ ಹ್ಯಾಂಡಲ್ಲಿನ ಎಡಗಡೆಯ ಪುಟ್ಟ ಡಿಕಂಪ್ರೆಸರ್ ಲಿವರ್ ಹಿಡಿಯಿರಿ. ಅದು ಎಕ್ಸಾಸ್ಟ್ ವಾಲ್ವನ್ನು ಸ್ವಲ್ಪ ಎತ್ತಿ ಹಿಡಿದು ಒಳಗಿನ ಒತ್ತಡವನ್ನು ಹೊರಬಿಡುತ್ತದೆ. ಕಿಕ್ಕರನ್ನು ಒಂದೆರಡು ಅಂಗುಲ ಮಾತ್ರ ಮುಂದಕ್ಕೆ ಒತ್ತಿ, ಲಿವರ್ ಬಿಡಿ, ಕಿಕ್ಕರ್ ಪೂರ್ತಿ ಮೇಲೆ ಬರಲಿ. ಆಮೇಲೆ ಆಕ್ಸಲರೇಟರ್ ಮುಟ್ಟದೆ ಉದ್ದಕ್ಕೂ ಒಂದೇ ಸಮನೆ ಇಳಿಯುವ ಒಂದು ಕಿಕ್. ಫ್ಲೈವೀಲಿಗೆ ಒಂದು ಪೂರ್ತಿ ಓಟ ಸಿಕ್ಕಿ ಮುಂದಿನ ಕಂಪ್ರೆಷನ್ನನ್ನು ಅದು ತಾನೇ ದಾಟುತ್ತದೆ. ಟ್ಯೂನಿಂಗ್ ಸರಿ ಇರುವ ಗಾಡಿಗೆ ಒಂದು, ಹೆಚ್ಚೆಂದರೆ ಎರಡು ಕಿಕ್ ಸಾಕು. ಮೈಭಾರವನ್ನೆಲ್ಲ ಹಾಕಬೇಕಾಗಿಲ್ಲ. ಸಣ್ಣ ಮೈಯ ಹೆಣ್ಣುಮಕ್ಕಳು ಈ ಕ್ರಮ ಕಲಿತು ಸರಾಗವಾಗಿ ಸ್ಟಾರ್ಟ್ ಮಾಡುವುದನ್ನು ನೋಡಿದ್ದೇನೆ. ತೋಳ್ಬಲ ನಂಬಿದ ಗಂಡಸರು ಸೋಲುವುದನ್ನೂ ನೋಡಿದ್ದೇನೆ.

ಕಿಕ್ಕರ್ ತಿರುಗಿ ಒದ್ದರೆ, ಅದನ್ನು ಗಾಡಿಯ ಸ್ವಭಾವ ಎಂದು ಬಿಟ್ಟುಬಿಡಬೇಡಿ. ಟೈಮಿಂಗ್ ಅಗತ್ಯಕ್ಕಿಂತ ಮುಂದಿದೆ, ಕಿಡಿ ಬೇಗ ಹಾರುತ್ತಿದೆ ಎಂದು ಅದು ಹೇಳುತ್ತಿದೆ. ಕಣಕಾಲಿನ ಮೂಳೆ ಮುರಿಯುವಷ್ಟು ಬಲ ಆ ಒದೆತಕ್ಕಿದೆ. ಪ್ರಯಾಣಕ್ಕೆ ಮೊದಲು ಸರಿಮಾಡಿಸಿ.

ಆಯಿಲ್: ಅರ್ಧ ಆಯುಷ್ಯ ಇಲ್ಲೇ

ಬಹಳಷ್ಟು ಬುಲೆಟ್‌ಗಳು ಹಾಳಾಗುವುದು ಆಯಿಲ್ ಇಲ್ಲದೆ ಅಲ್ಲ, ಆಯಿಲ್ ನೋಡುವ ಕ್ರಮ ಗೊತ್ತಿಲ್ಲದೆ. ಇದು ಡ್ರೈ ಸಂಪ್ ಎಂಜಿನ್. ಆಯಿಲ್ ಇರುವುದು ಕ್ರ್ಯಾಂಕಿನ ಹಿಂದಿನ ಬೇರೆ ಕೋಣೆಯಲ್ಲಿ. ಒಂದು ಪಂಪು ಅಲ್ಲಿಂದ ಎಳೆದು ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೇರಿಂಗಿಗೆ ಕಳಿಸುತ್ತದೆ, ಇನ್ನೊಂದು ಪಂಪು ಕೆಳಗೆ ಸೋರಿಳಿದ ಆಯಿಲನ್ನು ಮತ್ತೆ ಕೋಣೆಗೆ ತಲುಪಿಸುತ್ತದೆ. ಗಾಡಿ ಕೆಲವು ವಾರ ನಿಂತೇ ಇದ್ದರೆ ಕೋಣೆಯ ಆಯಿಲ್ ಪಂಪಿನ ಸಂದಿಯಿಂದ ಮೆಲ್ಲಗೆ ಕ್ರ್ಯಾಂಕಿನ ಕಡೆಗೆ ಇಳಿದುಬಿಡುತ್ತದೆ. ಆಗ ಡಿಪ್‌ಸ್ಟಿಕ್ ಅದ್ದಿ ನೋಡಿದರೆ ಆಯಿಲ್ ಕಡಿಮೆ ಕಾಣುತ್ತದೆ. ಗಾಬರಿಯಾಗಿ ಅರ್ಧ ಲೀಟರ್ ಸುರಿದರೆ ಮುಗಿಯಿತು: ಸ್ಟಾರ್ಟ್ ಆದ ಮೇಲೆ ಕೆಳಗಿನ ಆಯಿಲೂ ವಾಪಸು ಬಂದು ಉಕ್ಕಿ, ಸಿಕ್ಕ ಸಿಕ್ಕ ಸಂದಿಯಿಂದ ಹೊರಬೀಳುತ್ತದೆ, ಸೈಲೆನ್ಸರ್ ನೀಲಿ ಹೊಗೆ ಉಗುಳುತ್ತದೆ. ಆಮೇಲೆ ರಿಂಗ್ ಹೋಗಿದೆ ಎಂದು ಎಂಜಿನ್ ಬಿಚ್ಚಿಸುವವರೂ ಇದ್ದಾರೆ.

ಸರಿಯಾದ ಕ್ರಮ ಇಷ್ಟೇ. ಸ್ಟಾರ್ಟ್ ಮಾಡಿ ಐದು ನಿಮಿಷ ಓಡಿಸಿ, ಸಮತಟ್ಟಾದ ಜಾಗದಲ್ಲಿ ಮೇನ್ ಸ್ಟ್ಯಾಂಡಿಗೆ ಹಾಕಿ ಆಫ್ ಮಾಡಿ, ಒಂದೆರಡು ನಿಮಿಷದಲ್ಲಿ ಡಿಪ್‌ಸ್ಟಿಕ್ ನೋಡಿ. ಪ್ರಯಾಣದಲ್ಲಿ ಪ್ರತಿದಿನ ಸಂಜೆ ಇಳಿದ ಕೂಡಲೇ ನೋಡುವ ಅಭ್ಯಾಸ ಒಳ್ಳೆಯದು, ಆಗ ಎಂಜಿನ್ ಹೇಗೂ ಬಿಸಿಯಾಗಿರುತ್ತದೆ.

ಆಯಿಲ್ ಮೇಲಿನ ತನಕ ಹೋಗುತ್ತಿದೆಯೇ ಎಂದು ಪರೀಕ್ಷಿಸುವ ಉಪಾಯವೂ ಇದೆ. ಎಂಜಿನ್ನಿನ ಬಲಬದಿಯಿಂದ ಹೆಡ್ಡಿಗೆ ಏರುವ ಸಣ್ಣ ಲೋಹದ ಪೈಪಿನ ಮೇಲ್ತುದಿಯ ಬೋಲ್ಟನ್ನು ಐಡಲ್‌ನಲ್ಲಿ ಒಂದು ಸುತ್ತು ಸಡಿಲ ಮಾಡಿದರೆ ಆಯಿಲ್ ಜಿನುಗಬೇಕು. ಜಿನುಗದಿದ್ದರೆ ತಕ್ಷಣ ಆಫ್ ಮಾಡಿ, ಪಂಪು ಮತ್ತು ಫಿಲ್ಟರ್ ನೋಡಿಸದೆ ಒಂದು ಕಿಲೋಮೀಟರ್ ಕೂಡ ಹೋಗಬೇಡಿ. ಫಿಲ್ಟರ್ ಈ ಎಂಜಿನ್ನಿನಲ್ಲಿ ಫೆಲ್ಟಿನದು. ಅದನ್ನು ಬದಲಿಸಿದ ಮೇಲೆ ಫಿಲ್ಟರ್ ಕೋಣೆ ತುಂಬುವ ತನಕ ಬಿಗ್ ಎಂಡಿಗೆ ಆಯಿಲ್ ತಲುಪುವುದಿಲ್ಲ. ಹಾಗಾಗಿ ಫಿಲ್ಟರ್ ಬದಲಿಸಿದ ದಿನ ಕೆಲವು ನಿಮಿಷ ಐಡಲ್‌ನಲ್ಲೇ ಓಡಿಸಿ, ನಿಲ್ಲಿಸಿ, ಮಟ್ಟ ನೋಡಿ, ಮತ್ತೆ ಆಯಿಲ್ ಹಾಕಿ. ಆತುರದಲ್ಲಿ ರೇಸ್ ಮಾಡಿದರೆ ಬೇರಿಂಗ್ ಒಣಗಿ ತಿರುಗುತ್ತದೆ.

ಬುಲೆಟ್ ಅಂದರೆ ಆಯಿಲ್ ಸೋರಲೇಬೇಕು ಎನ್ನುವ ಮಾತನ್ನು ಒಪ್ಪಬೇಡಿ. ಕ್ರ್ಯಾಂಕ್‌ಕೇಸಿನ ಗಾಳಿ ಹೊರಹೋಗಲು ಒಂದು ಕೊಳವೆಯಿದೆ, ಅದರ ತುದಿಯಲ್ಲಿ ಬಾತುಕೋಳಿ ಕೊಕ್ಕಿನ ಆಕಾರದ ರಬ್ಬರ್ ತುಂಡು. ಗಾಳಿ ಹೊರಹೋಗಬೇಕು, ಒಳಬರಬಾರದು. ಇದು ಅದಕ್ಕಾಗಿ. ವಯಸ್ಸಾಗಿ ಅದು ಗಟ್ಟಿಯಾದರೆ ಅಥವಾ ಕೆಸರು ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಿ ಆಯಿಲ್ ಎಲ್ಲ ಗ್ಯಾಸ್ಕೆಟ್ಟಿನಿಂದಲೂ ಹೊರಬರಲು ನೋಡುತ್ತದೆ. ಸೋರುವ ಗಾಡಿಯ ಗ್ಯಾಸ್ಕೆಟ್‌ಗಳನ್ನೆಲ್ಲ ಬದಲಿಸುವ ಮೊದಲು ಈ ಅಗ್ಗದ ರಬ್ಬರನ್ನು ಬದಲಿಸಿ ನೋಡಿ.

ಪಾಯಿಂಟ್, ಟ್ಯಾಪೆಟ್

ಎಲೆಕ್ಟ್ರಾದಂಥ ಕೆಲವು ಗಾಡಿಗಳಿಗೆ ಸಿಡಿಐ ಬಂದಿದೆ. ಉಳಿದವುಗಳಲ್ಲಿ ಕಿಡಿ ಹುಟ್ಟಿಸುವುದು ಪಾಯಿಂಟ್ ಮತ್ತು ಕಂಡೆನ್ಸರ್. ಪಾಯಿಂಟಿನ ಗ್ಯಾಪು 0.35ರಿಂದ 0.40 ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ ಒಂದನ್ನು ಕೊಂಡು ನೀವೇ ಹೊಂದಿಸಲು ಕಲಿಯಿರಿ, ಕಾಲು ಗಂಟೆಯ ಕೆಲಸ. ಗಾಡಿ ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಮಿಸ್ ಹೊಡೆದು ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಆದರೆ ಮೊದಲ ಅನುಮಾನ ಕಂಡೆನ್ಸರಿನ ಮೇಲಿರಲಿ. ಪಾಯಿಂಟಿನ ತುದಿ ಕಪ್ಪಾಗಿ ಸುಟ್ಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಪಾಯಿಂಟಿನ ಮುಚ್ಚಳದೊಳಗೆ ತೇವ ಸೇರುವುದೂ ಸಾಮಾನ್ಯ. ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಟ್ಯಾಪೆಟ್ ಹೊಂದಿಸುವುದು ಇನ್ನೂ ಸುಲಭ, ಮತ್ತು ಈ ಎಂಜಿನ್ ರೂಪಿಸಿದವರು ಸವಾರನನ್ನು ಎಷ್ಟು ನೆನಪಿಟ್ಟುಕೊಂಡಿದ್ದರು ಎಂದು ತಿಳಿಯುವ ಜಾಗ ಇದು. ಬೇರೆ ಎಂಜಿನ್‌ಗಳಲ್ಲಿ ಇದಕ್ಕೆ ಟ್ಯಾಂಕು ಇಳಿಸಿ ಹೆಡ್ ಕವರ್ ತೆಗೆಯಬೇಕಾಗುತ್ತದೆ. ಬುಲೆಟ್ಟಿನಲ್ಲಿ ಬ್ಯಾರಲ್ಲಿನ ಬುಡದಲ್ಲಿ, ಬಲಗಡೆ, ಒಂದೇ ನಟ್ಟಿನಲ್ಲಿ ನಿಂತ ಸಣ್ಣ ಬಾಗಿಲಿದೆ. ಅದನ್ನು ತೆಗೆದರೆ ಎರಡೂ ಪುಷ್‌ರಾಡ್‌ಗಳ ತಳ ಕಾಣುತ್ತದೆ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರಬೇಕು. ಪುಷ್‌ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಗೇಜು ಬೇಡ, ಬೆರಳೇ ಸಾಕು. ತಿರುಗದಷ್ಟು ಬಿಗಿಯಾಗಿದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸ್ವಲ್ಪ ಟಿಕ್ ಟಿಕ್ ಸದ್ದು ಬಂದರೆ ಹಾನಿಯಿಲ್ಲ. ಸದ್ದು ಅಡಗಿಸಲೆಂದು ಬಿಗಿ ಮಾಡುವ ಮೇಸ್ತ್ರಿಯನ್ನು ತಡೆಯಿರಿ.

ಚಕ್ರ, ಚಾಸಿ, ಗೇರು

ಈ ಗಾಡಿಯಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದ ಭಾಗ ಹಿಂಚಕ್ರದ ಹಬ್. ಹಿಂಚಕ್ರ ಪಂಕ್ಚರ್ ಆದರೆ ಬೇರೆ ಗಾಡಿಗಳಲ್ಲಿ ಚೈನ್ ಕಳಚಿ, ಬ್ರೇಕ್ ರಾಡ್ ಬಿಚ್ಚಿ, ಕೈ ಗ್ರೀಸ್ ಮಾಡಿಕೊಂಡು, ಆಮೇಲೆ ಚೈನ್ ಮತ್ತೆ ಬಿಗಿ ಮಾಡಿ ಚಕ್ರ ನೇರ ನಿಲ್ಲಿಸುವುದು ಇದ್ದದ್ದೇ. ಹಳೆಯ ಬುಲೆಟ್‌ಗಳಲ್ಲಿ ಹೆಚ್ಚಿನವಕ್ಕೆ ಈ ತಾಪತ್ರಯವಿಲ್ಲ. ಸ್ಪ್ರಾಕೆಟ್ ಮತ್ತು ಬ್ರೇಕ್ ಡ್ರಮ್ಮು ಒಂದು ತುಂಡು, ಚಕ್ರ ಇನ್ನೊಂದು. ಎರಡರ ನಡುವೆ ರಬ್ಬರ್ ತುಂಡುಗಳ ಮೂಲಕ ಬಲ ವರ್ಗವಾಗುತ್ತದೆ. ಆಕ್ಸಲ್ ಎಳೆದು, ಬಲಬದಿಯ ಸ್ಪೇಸರ್ ತೆಗೆದು, ಚಕ್ರವನ್ನು ಬಲಕ್ಕೆ ಜಗ್ಗಿದರೆ ಅದೊಂದೇ ಕಳಚಿ ಬರುತ್ತದೆ. ಚೈನು, ಬ್ರೇಕು ಇದ್ದಲ್ಲೇ ಇರುತ್ತವೆ. ಆ ರಬ್ಬರ್‌ಗಳು ಎಂಜಿನ್ನಿನ ಪ್ರತಿ ಹೊಡೆತವನ್ನೂ ಹೀರಿಕೊಂಡು ಚೈನಿನ ಆಯುಷ್ಯ ಹೆಚ್ಚಿಸುವ ಕೆಲಸವನ್ನೂ ಮಾಡುತ್ತವೆ. ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಸ್ಪ್ರಾಕೆಟ್ಟಿಗೂ ಚಕ್ರಕ್ಕೂ ನಡುವೆ ಹೆಚ್ಚು ಆಟ ಕಂಡರೆ ರಬ್ಬರ್ ಸವೆದಿದೆ, ಹೊರಡುವ ಮುನ್ನ ಬದಲಿಸಿ. ಹೊರಡುವ ವಾರ ಮನೆಯ ಅಂಗಳದಲ್ಲೇ ಒಮ್ಮೆ ಚಕ್ರ ಕಳಚಿ ಹಾಕಿ ನೋಡಿ. ವರ್ಷಗಟ್ಟಲೆ ತೆಗೆಯದ ಆಕ್ಸಲ್ ತುಕ್ಕು ಹಿಡಿದು ಕೂತಿರುತ್ತದೆ, ಅದನ್ನು ದಾರಿಯಲ್ಲಿ ತಿಳಿದುಕೊಳ್ಳುವುದಕ್ಕಿಂತ ಮನೆಯಲ್ಲಿ ತಿಳಿಯುವುದು ಮೇಲು. ಚೈನ್ ಬಿಗಿ ಮಾಡಲು ಬಸವನಹುಳುವಿನ ಚಿಪ್ಪಿನ ಆಕಾರದ, ಕಚ್ಚುಗಳಿರುವ ಕ್ಯಾಮ್‌ಗಳಿವೆ. ಎರಡೂ ಬದಿಯಲ್ಲಿ ಒಂದೇ ಲೆಕ್ಕದ ಕಚ್ಚಿನಲ್ಲಿಟ್ಟರೆ ಚಕ್ರ ನೇರ.

ಫ್ರೇಮಿನ ಮುಂದಿನ ಕೊಳವೆ ಕೆಳಗಿಳಿದು ಎಂಜಿನ್ನಿನ ಮುಂಭಾಗಕ್ಕೆ ಬಂದು ನಿಲ್ಲುತ್ತದೆ. ಎಂಜಿನ್ನಿನ ಅಡಿಯಲ್ಲಿ ಕೊಳವೆ ಇಲ್ಲ. ಎಂಜಿನ್ನೇ ಅಲ್ಲಿ ಚಾಸಿಯ ಭಾಗವಾಗಿ ಭಾರ ಹೊರುತ್ತದೆ. ಇದರ ಪರಿಣಾಮ ಸವಾರನಿಗೆ ಗೊತ್ತಿರಲೇಬೇಕು: ಎಂಜಿನ್ ಮೌಂಟಿಂಗ್ ಬೋಲ್ಟ್ ಒಂದು ಸಡಿಲವಾದರೂ ಕಂಪನ ದುಪ್ಪಟ್ಟಾಗುತ್ತದೆ, ಗಾಡಿ ತಿರುವಿನಲ್ಲಿ ಅಲುಗುತ್ತದೆ, ಉಳಿದ ಬೋಲ್ಟುಗಳು ತುಂಡಾಗಲು ಕಾಯುತ್ತವೆ. ಪ್ರಯಾಣದಲ್ಲಿ ದಿನಾ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಮೌಂಟಿಂಗ್, ಸೈಲೆನ್ಸರ್, ಕ್ಯಾರಿಯರ್ ಬೋಲ್ಟುಗಳನ್ನೊಮ್ಮೆ ಮುಟ್ಟಿ ನೋಡಿ. ಸ್ಪೋಕುಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಸಡಿಲವಾದದ್ದು ಬೇರೆ ಸದ್ದು ಮಾಡುತ್ತದೆ.

ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುವ ಗಾಡಿಯಾದರೆ, ಹೊಸಬರು ಕನಿಷ್ಠ ಕೆಲವು ವಾರ ಊರೊಳಗೇ ಓಡಿಸಿ ಕಾಲಿಗೆ ರೂಢಿ ಮಾಡಿಕೊಳ್ಳಬೇಕು. ಒಂದನೇ ಗೇರು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಗಾಬರಿಯಾದಾಗ ಕಾಲು ಹಳೆಯ ಅಭ್ಯಾಸಕ್ಕೇ ಹೋಗುತ್ತದೆ, ಬ್ರೇಕೆಂದು ಒತ್ತಿದ್ದು ಗೇರಾಗಿರುತ್ತದೆ. ಈ ಗೇರ್‌ಬಾಕ್ಸಿನಲ್ಲಿ ಇನ್ನೊಂದು ಸೊಗಸಾದ ಏರ್ಪಾಡಿದೆ. ಪಕ್ಕದಲ್ಲಿರುವ ಚಿಕ್ಕ ಲಿವರನ್ನು ಕ್ಲಚ್ ಹಿಡಿದು ಹಿಮ್ಮಡಿಯಿಂದ ಒತ್ತಿದರೆ ಎರಡು, ಮೂರು, ನಾಲ್ಕು ಯಾವ ಗೇರಿನಲ್ಲಿದ್ದರೂ ನೇರ ನ್ಯೂಟ್ರಲ್ಲಿಗೆ ಬರುತ್ತದೆ. ಲಗೇಜು ತುಂಬಿದ ಗಾಡಿಯಲ್ಲಿ ರೈಲ್ವೆ ಗೇಟಿನ ಮುಂದೆ ನಿಂತಾಗ ಇದರ ಉಪಕಾರ ತಿಳಿಯುತ್ತದೆ. ಕೆಲವರು ಬೇಡವೆಂದು ತೆಗೆಸಿಬಿಡುತ್ತಾರೆ, ದಯವಿಟ್ಟು ಉಳಿಸಿಕೊಳ್ಳಿ.

ಕೊಳ್ಳುವುದಾದರೆ

ಬಣ್ಣ ನೋಡಬೇಡಿ, ಸದ್ದು ಕೇಳಿ. ತಣ್ಣಗಿರುವ ಗಾಡಿಯನ್ನೇ ತೋರಿಸಲು ಹೇಳಿ, ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿದ್ದಾಗ ಪಿಸ್ಟನ್ ಸ್ವಲ್ಪ ಕಟಕಟ ಎಂದು ಬಿಸಿಯಾದ ಮೇಲೆ ಅಡಗಿದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಆಳದಿಂದ, ಎಳೆತ ಬಿದ್ದಾಗ, ದಪ್ಪ ಬಡಿತ ಕೇಳಿದರೆ ಅದು ಕನೆಕ್ಟಿಂಗ್ ರಾಡಿನ ಬಿಗ್ ಎಂಡ್, ದೊಡ್ಡ ಖರ್ಚು. ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಆರ್‌ಸಿಗೆ ತಾಳೆಯಾಗಬೇಕು. ದಶಕಗಳಲ್ಲಿ ಎಂಜಿನ್ ಬದಲಾಗಿರುವ ಗಾಡಿಗಳು ಬಹಳ ಇವೆ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅದು ಚಾಲ್ತಿಯಲ್ಲಿಲ್ಲದ ಗಾಡಿಯಲ್ಲಿ ರಾಜ್ಯ ದಾಟಬೇಡಿ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ನಂಬರಿನಲ್ಲಿ ‘ವಿಎ’ ಬರುವುದೆಂದು ಆಸೆಪಟ್ಟು ಕೆಲವರು ಅದಕ್ಕೆ ಹೋಗುತ್ತಾರೆ. ಆದರೆ ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಬಳಸಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ಪ್ರಯಾಣ ಮಾಡಬೇಕೆನ್ನುವವರಿಗೆ ಸಾಮಾನ್ಯ ನೋಂದಣಿಯೇ ಸರಿ.

ದಾರಿಯಲ್ಲಿ

ದಿನಕ್ಕೆ 250-300 ಕಿಲೋಮೀಟರಿನ ಲೆಕ್ಕ ಹಾಕಿ. ಅದಕ್ಕಿಂತ ಹೆಚ್ಚು ಹೋಗಲು ಗಾಡಿಗೆ ಆಗದೆಂದಲ್ಲ. ಸಂಜೆ ಬೆಳಕಿರುವಾಗಲೇ ತಲುಪಿದರೆ ಮಾತ್ರ ಆಯಿಲ್, ಚೈನ್ ನೋಡುವ ಮನಸ್ಸಿರುತ್ತದೆ. ಗಂಟೆಗೊಮ್ಮೆ ಹತ್ತು ನಿಮಿಷ ನಿಲ್ಲಿಸಿ. ಲಗೇಜನ್ನು ಹಿಂದೆ ಎತ್ತರಕ್ಕೆ ಪೇರಿಸಬೇಡಿ. ಹಿಂಚಕ್ರದ ಆಕ್ಸಲಿಗಿಂತ ಹಿಂದೆ ಭಾರ ಬಿದ್ದಷ್ಟೂ ಮುಂಚಕ್ರ ಹಗುರಾಗಿ ಹ್ಯಾಂಡಲ್ ನಡುಗುತ್ತದೆ. ಎರಡು ಬದಿಗೆ ತಗ್ಗಿನಲ್ಲಿ ಇಳಿಬಿಟ್ಟ ಬ್ಯಾಗುಗಳೇ ಉತ್ತಮ.

ಘಾಟಿಯಲ್ಲಿ ಡ್ರಮ್ ಬ್ರೇಕಿನ ಮಿತಿ ನೆನಪಿರಲಿ. ಆಗುಂಬೆಯ 14 ತಿರುವುಗಳನ್ನು ಬ್ರೇಕ್ ಹಿಡಿದೇ ಇಳಿದರೆ ಡ್ರಮ್ಮು ಕಾದು ಹಿಡಿತ ಬಿಡುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಉದ್ದ ಸ್ಟ್ರೋಕಿನ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕು ತಿರುವಿನ ಬಾಯಲ್ಲಿ ಮಾತ್ರ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಬಿಡುವುದು ಪ್ರಾಣಕ್ಕೆ ಅಪಾಯ. ಶಿರಾಡಿ, ಚಾರ್ಮಾಡಿಯ ಮಳೆಯಲ್ಲಿ ನೀರು ದಾಟಿದ ಮೇಲೆ ಬ್ರೇಕನ್ನು ಲಘುವಾಗಿ ಒತ್ತಿಕೊಂಡು ಸ್ವಲ್ಪ ದೂರ ಸಾಗಿದರೆ ಶೂ ಒಣಗುತ್ತದೆ.

ಜೊತೆಗಿರಬೇಕಾದ್ದು ಹೆಚ್ಚೇನಿಲ್ಲ. ಪಾಯಿಂಟ್ ಸೆಟ್, ಕಂಡೆನ್ಸರ್, ಎರಡು ಪ್ಲಗ್, ಹಿಂದು ಮುಂದಿನ ಟ್ಯೂಬು, ಟೈರ್ ಲಿವರ್, ಕೈಪಂಪು, ಚೈನ್ ಲಾಕ್, ಬಲ್ಬು, ಫ್ಯೂಸು, ಇನ್ಸುಲೇಷನ್ ಟೇಪು, ಒಂದು ಲೀಟರ್ ಆಯಿಲ್. ಕ್ಲಚ್ ಕೇಬಲ್ ಮತ್ತು ಆಕ್ಸಲರೇಟರ್ ಕೇಬಲ್ಲನ್ನು ಪೆಟ್ಟಿಗೆಯಲ್ಲಿ ಸುತ್ತಿಡುವ ಬದಲು ಈಗಿರುವ ಕೇಬಲ್ಲಿನ ಪಕ್ಕದಲ್ಲೇ ಎಳೆದು ಕಟ್ಟಿಬಿಡಿ. ಒಂದು ತುಂಡಾದರೆ ತುದಿಗಳನ್ನಷ್ಟೇ ಬದಲಿಸಿದರಾಯಿತು, ಟ್ಯಾಂಕು ಇಳಿಸಬೇಕಾಗಿಲ್ಲ.

ಈಗ ಬಂಕುಗಳಲ್ಲಿ ಸಿಗುವುದು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲು. ಹಳೆಯ ರಬ್ಬರ್ ಪೈಪು, ವಾಷರ್‌ಗಳಿಗೆ ಇದು ಒಗ್ಗುವುದಿಲ್ಲ, ಗಾಳಿಯ ತೇವವನ್ನೂ ಹೀರುತ್ತದೆ. ಪೆಟ್ರೋಲ್ ಪೈಪನ್ನು ಎಥನಾಲ್ ತಡೆಯುವ ಬಗೆಯದಕ್ಕೆ ಬದಲಿಸಿ. ಪ್ರಯಾಣ ಮುಗಿಸಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರ್ ಬೌಲಿನ ಪೆಟ್ರೋಲನ್ನು ಬಸಿದುಬಿಡಿ. ಮನೆಗೆ ಬಂದ ವಾರದೊಳಗೆ ಬಿಸಿ ಎಂಜಿನ್ನಿನಲ್ಲೇ ಆಯಿಲ್ ಇಳಿಸಿ ಫಿಲ್ಟರ್ ಬದಲಿಸಿ. ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸ್ವಲ್ಪ ಸುರಿದು ಬೆಳಕಿಗೆ ಹಿಡಿದು ನೋಡಿ: ಕಪ್ಪಾಗಿದ್ದರೆ ಸಹಜ, ಹೊಳೆಯುವ ಲೋಹದ ಚೂರುಗಳು ಕಂಡರೆ ಮುಂದಿನ ಪ್ರಯಾಣದ ದಿನ ಗೊತ್ತುಮಾಡುವ ಮೊದಲು ಎಂಜಿನ್ ಬಿಚ್ಚಿಸಬೇಕು.